ಎಲ್‌ಎಂಪಿ ಡಾಕ್ಟರು: ನೂರು ವರ್ಷದ ಹಿಂದಿನ ಹಳ್ಳಿ ವೈದ್ಯರ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸುಮಾರು 1900ರಿಂದ 1940ರವರೆಗೆ ಕನ್ನಡ ನಾಡಿನ ಹಳ್ಳಿಗಳಲ್ಲಿ, ತಾಲ್ಲೂಕು ಊರುಗಳಲ್ಲಿ ಇಂಗ್ಲಿಷ್ ಔಷಧಿ ಕೊಡುತ್ತಿದ್ದ ಡಾಕ್ಟರುಗಳ ಬಗ್ಗೆ ಜನ ಕೇಳುವ ಪ್ರಶ್ನೆಗಳು ಇಲ್ಲಿವೆ. ಕೇಳುವವರಲ್ಲಿ ಹೆಚ್ಚಿನವರು ಮೊಮ್ಮಕ್ಕಳು, ಮರಿಮಕ್ಕಳು. ಒಂದು ವಿಷಯ ನೆನಪಿರಲಿ: ಆಗ ನಮ್ಮ ನಾಡು ಒಂದೇ ಆಡಳಿತದಲ್ಲಿ ಇರಲಿಲ್ಲ. ಮೈಸೂರು ಸಂಸ್ಥಾನ, ಮುಂಬಯಿ ಪ್ರಾಂತ, ಮದ್ರಾಸು ಪ್ರಾಂತ, ನಿಜಾಮರ ಹೈದರಾಬಾದು, ಕೊಡಗು, ಹೀಗೆ ಹಂಚಿಹೋಗಿತ್ತು. ಹಾಗಾಗಿ ಧಾರವಾಡದ ಡಾಕ್ಟರಿಗೆ ಇದ್ದ ನಿಯಮ ತುಮಕೂರಿನವರಿಗೆ ಇರಬೇಕೆಂದೇನೂ ಇರಲಿಲ್ಲ.

ನಮ್ಮ ಮುತ್ತಜ್ಜ ಎಲ್‌ಎಂಪಿ ಡಾಕ್ಟರಂತೆ. ಅವರು ಎಂಬಿಬಿಎಸ್ ಅಲ್ಲ ಅಂದಮೇಲೆ ನಿಜವಾದ ಡಾಕ್ಟರು ಹೌದೋ ಅಲ್ಲವೋ?

ಹೌದು, ನಿಜವಾದ ಡಾಕ್ಟರೇ. ಎಲ್‌ಎಂಪಿ ಎಂದರೆ ಲೈಸೆನ್ಸ್ಡ್ ಮೆಡಿಕಲ್ ಪ್ರಾಕ್ಟಿಷನರ್. ಮೆಟ್ರಿಕ್ ಮುಗಿಸಿದವರು ಮೆಡಿಕಲ್ ಸ್ಕೂಲಿಗೆ ಸೇರಿ ನಾಲ್ಕು ವರ್ಷದ ಆಸುಪಾಸು ಓದುತ್ತಿದ್ದರು. ಅಂಗರಚನೆ, ಔಷಧಶಾಸ್ತ್ರ, ಶಸ್ತ್ರಚಿಕಿತ್ಸೆ, ಹೆರಿಗೆ, ಮರಣೋತ್ತರ ಪರೀಕ್ಷೆ ಎಲ್ಲವೂ ಪಾಠದಲ್ಲಿತ್ತು. ಎಂಬಿಬಿಎಸ್ ವಿಶ್ವವಿದ್ಯಾಲಯದ ಪದವಿ, ಎಲ್‌ಎಂಪಿ ಸ್ಕೂಲಿನ ಡಿಪ್ಲೊಮಾ. ಮುಂಬಯಿ ಕಡೆಯವರಾದರೆ ಹೆಸರಿನ ಮುಂದೆ ಎಲ್‌ಸಿಪಿಎಸ್ ಎಂದು ಇರಬಹುದು. ಅದೂ ಹೆಚ್ಚುಕಡಿಮೆ ಇದೇ ದರ್ಜೆಯದು.

ಸರ್ಕಾರಿ ಕೆಲಸಕ್ಕೆ ಸೇರಿದವರನ್ನು ಮೊದಲು ಹಾಸ್ಪಿಟಲ್ ಅಸಿಸ್ಟೆಂಟ್ ಎನ್ನುತ್ತಿದ್ದರು, 1910ರ ಹೊತ್ತಿಗೆ ಸಬ್ ಅಸಿಸ್ಟೆಂಟ್ ಸರ್ಜನ್ ಎಂದು ಹೆಸರು ಬದಲಾಯಿತು. ಹೆಸರಿನಲ್ಲಿ 'ಸಬ್' ಇದ್ದರೂ ಆ ತಾಲ್ಲೂಕಿನ ಒಬ್ಬರೇ ಒಬ್ಬ ಡಾಕ್ಟರು ಅವರೇ ಆಗಿರುತ್ತಿದ್ದರು. ಅಸಿಸ್ಟೆಂಟು, ಆದರೆ ಸಹಾಯ ಮಾಡಲಿಕ್ಕೆ ಮೇಲಿನವರು ಯಾರೂ ಹತ್ತಿರದಲ್ಲಿ ಇಲ್ಲ!

ಎಲ್ಲಿ ಓದುತ್ತಿದ್ದರು?

ದಕ್ಷಿಣ ಕನ್ನಡ, ಬಳ್ಳಾರಿ ಕಡೆಯವರಿಗೆ ಮದ್ರಾಸು. ಬೆಳಗಾವಿ, ಧಾರವಾಡ, ಬಿಜಾಪುರದವರಿಗೆ ಪುಣೆ, ಇಲ್ಲವೇ ಮಿರಜಿನ ಮಿಷನ್ ಆಸ್ಪತ್ರೆಯ ಸ್ಕೂಲು. ಮೈಸೂರು ಸಂಸ್ಥಾನದವರೂ ಬಹುಕಾಲ ಹೊರಗೇ ಹೋಗಿ ಓದಿದರು. 1917ರಲ್ಲಿ ಬೆಂಗಳೂರಿನಲ್ಲಿ ಸಂಸ್ಥಾನದ್ದೇ ಮೆಡಿಕಲ್ ಸ್ಕೂಲು ಶುರುವಾಗಿ ಎಲ್‌ಎಂಪಿ ಕೊಡತೊಡಗಿತು. 1924ರಲ್ಲಿ ಕಾಲೇಜಾಯಿತು, 1930ರಲ್ಲಿ ಮೈಸೂರಿಗೆ ಸ್ಥಳಾಂತರವಾಯಿತು. ಈಗಿನ ಮೈಸೂರು ಮೆಡಿಕಲ್ ಕಾಲೇಜು ಅದೇ.

ಅವರ ದಿನಚರಿ ಹೇಗಿರುತ್ತಿತ್ತು?

ಬೆಳಿಗ್ಗೆ ಡಿಸ್ಪೆನ್ಸರಿ. ಹೆಂಚಿನ ಕಟ್ಟಡ, ಒಂದು ಬೆಂಚು, ಕಿಟಕಿಯಂಥ ಒಂದು ತೂತು. ಡಾಕ್ಟರು ನಾಡಿ ನೋಡಿ, ನಾಲಿಗೆ ನೋಡಿ, ಹೊಟ್ಟೆ ಅದುಮಿ ಚೀಟಿ ಬರೆಯುವರು. ಆ ಚೀಟಿ ಹಿಡಿದು ಕಿಟಕಿಗೆ ಹೋದರೆ ಒಳಗಿದ್ದ ಕಾಂಪೌಂಡರ್ ಔಷಧಿ ಬೆರೆಸಿ ಕೊಡುವನು. ಸೀಸೆ ರೋಗಿಯೇ ತರಬೇಕು. ಎಣ್ಣೆ ಸೀಸೆ, ಸೀಮೆಎಣ್ಣೆ ಸೀಸೆ ತಂದವರಿಗೆ ಕಾಂಪೌಂಡರ್ ಬೈದು ತೊಳೆಸಿಕೊಂಡು ಬರಲು ಕಳಿಸುತ್ತಿದ್ದ. ಕಾಂಪೌಂಡರ್‌ನ ಕೋಪಕ್ಕೆ ಡಾಕ್ಟರೂ ಹೆದರುತ್ತಿದ್ದರು ಎಂಬ ಮಾತು ಎಲ್ಲ ಊರಲ್ಲೂ ಕೇಳಿಬರುತ್ತದೆ, ಸುಳ್ಳಿರಲಾರದು.

ಮಧ್ಯಾಹ್ನದ ಮೇಲೆ ಸುತ್ತಲಿನ ಹಳ್ಳಿಗಳಿಂದ ಕರೆ. ಮೊದಮೊದಲು ಎತ್ತಿನ ಗಾಡಿ ಅಥವಾ ಕುದುರೆ, ಆಮೇಲೆ ಸೈಕಲ್ಲು. ಗಾಡಿ ಕಳಿಸುವುದು ಕರೆದವರ ಜವಾಬ್ದಾರಿ. ಹೊಳೆ ತುಂಬಿದರೆ ಆಚೆ ದಡದ ರೋಗಿ ಆಚೆಯೇ.

ಜನ ಮರೆತಿರುವ ಇನ್ನೊಂದು ಕೆಲಸ ಕೋರ್ಟಿನದು. ಹೊಲದ ಬದುವಿಗಾಗಿ ಹೊಡೆದಾಟವಾದರೆ ಗಾಯದ ಸರ್ಟಿಫಿಕೇಟ್ ಬರೆಯಬೇಕು. ಬಾವಿಯಲ್ಲಿ ಹೆಣ ಸಿಕ್ಕರೆ ಪೊಲೀಸರು ಅದನ್ನು ಗಾಡಿಯಲ್ಲಿ ಹಾಕಿಕೊಂಡು ಬರುವರು. ಶೀತಲ ಪೆಟ್ಟಿಗೆ ಎಂಬುದೇ ಇಲ್ಲದ ಕಾಲ, ಬೇಸಿಗೆಯ ಬಿಸಿಲು, ದೂರದ ದಾರಿ. ಆ ಹೆಣವನ್ನು ಕೊಯ್ದು, ಬಿದ್ದು ಸತ್ತದ್ದೋ ಕೊಂದು ಎಸೆದದ್ದೋ ಎಂದು ಡಾಕ್ಟರು ಬರೆಯಬೇಕು. ತಿಂಗಳುಗಳ ನಂತರ ಜಿಲ್ಲಾ ಕೋರ್ಟಿನಲ್ಲಿ ನಿಂತು ವಕೀಲರ ಪಾಟೀಸವಾಲಿಗೆ ಉತ್ತರ ಕೊಡಬೇಕು. ಅಷ್ಟು ದಿನ ಡಿಸ್ಪೆನ್ಸರಿ ಕಾಂಪೌಂಡರ್ ಕೈಯಲ್ಲಿ.

ಬಾಟಲಿಯ ಮೇಲೆ ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದ ಅಂಟಿಸುತ್ತಿದ್ದರಂತೆ. ಅದು ಯಾಕೆ?

ಡೋಸಿನ ಗುರುತು. ಕಾಗದದ ಪಟ್ಟಿಯನ್ನು ಉದ್ದಕ್ಕೆ ಮಡಚಿ, ಅಂಚನ್ನು ಸಮ ಅಂತರದಲ್ಲಿ ಕತ್ತರಿಸಿ, ಬಿಡಿಸಿ ಸೀಸೆಗೆ ಅಂಟಿಸುತ್ತಿದ್ದರು. ಒಂದು ಹಲ್ಲಿನಿಂದ ಇನ್ನೊಂದರವರೆಗೆ ಒಂದು ಹೊತ್ತಿನ ಔಷಧಿ. ಮನೆಯಲ್ಲಿ ಅಳತೆಯ ಲೋಟವಿಲ್ಲ, ಓದಲು ಬರುವವರೂ ಕಡಿಮೆ. ಕಣ್ಣಿಗೆ ಕಾಣುವ ಈ ಉಪಾಯ ಎಲ್ಲರಿಗೂ ತಿಳಿಯುತ್ತಿತ್ತು. ಕುಡಿಯುವ ಮುಂಚೆ ಕುಲುಕಬೇಕು. ಕುಲುಕದೆ ಕುಡಿದರೆ ತಳದಲ್ಲಿ ಕೂತ ಗಟ್ಟಿ ಔಷಧಿಯೆಲ್ಲ ಕೊನೆಯ ಡೋಸಿಗೆ ಒಟ್ಟಾಗಿ ಹೋಗುತ್ತಿತ್ತು, ಅದು ಕೆಲವೊಮ್ಮೆ ಅಪಾಯಕ್ಕೂ ದಾರಿ.

ಒಳಗೆ ಏನಿತ್ತು ಎಂದರೆ, ಜ್ವರಕ್ಕಾದರೆ ಕ್ವಿನೈನು. ಅದು ನೀರಿನಲ್ಲಿ ಸುಲಭಕ್ಕೆ ಕರಗದು, ಹಾಗಾಗಿ ಸಣ್ಣ ಪ್ರಮಾಣದ ಗಂಧಕಾಮ್ಲ ಹಾಕಿ ಕರಗಿಸುತ್ತಿದ್ದರು. ಕಹಿಗೆ ಹುಳಿಯೂ ಸೇರಿ ಕುಡಿಯುವವರ ಮುಖ ನೋಡುವಂತಿಲ್ಲ. ಕೆಮ್ಮಿಗೆ ಇಪೆಕಾಕ್, ಹೊಟ್ಟೆಯುಬ್ಬರಕ್ಕೆ ಸೋಡಾ ಮತ್ತು ಪೆಪ್ಪರ್‌ಮಿಂಟ್ ಸೇರಿದ ಕಾರ್ಮಿನೇಟಿವ್, ಮಲಬದ್ಧತೆಗೆ ಹರಳೆಣ್ಣೆ ಅಥವಾ ಭೇದಿ ಉಪ್ಪು, ಗಾಯಕ್ಕೆ ಟಿಂಚರ್ ಅಯೋಡಿನ್. ಅಳತೆಯೆಲ್ಲ ಗ್ರೇನು, ಡ್ರಾಮು, ಔನ್ಸು. ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ.

ಆ ಔಷಧಿಗಳಿಂದ ನಿಜವಾಗಿ ಕಾಯಿಲೆ ವಾಸಿಯಾಗುತ್ತಿತ್ತೇ?

ಬಹುಪಾಲು ಇಲ್ಲ. ರೋಗದ ಬುಡಕ್ಕೇ ಹೋಗುವ ಔಷಧಿ ಆ ಕಪಾಟಿನಲ್ಲಿ ಬೆರಳೆಣಿಕೆಯಷ್ಟು ಇದ್ದವು. ಮಲೇರಿಯಾಕ್ಕೆ ಕ್ವಿನೈನು. 1912ರ ನಂತರ ಅಮೀಬಾ ಆಮಶಂಕೆಗೆ ಎಮೆಟಿನ್ ಇಂಜೆಕ್ಷನ್. ಪರಂಗಿ ಹುಣ್ಣಿನ ರೋಗಕ್ಕೆ (ಸಿಫಿಲಿಸ್) 1910ರಲ್ಲಿ ಬಂದ ಸಾಲ್ವರ್ಸಾನ್, ಆದರೆ ಅದು ಹಳ್ಳಿಗೆ ತಲುಪಿದ್ದು ಅಪರೂಪ. ಗಂಟಲಮಾರಿಗೆ (ಡಿಫ್ತೀರಿಯಾ) ಸೀರಂ ಇತ್ತು, ಸಮಯಕ್ಕೆ ಸಿಗಬೇಕಲ್ಲ! ನ್ಯುಮೋನಿಯಾ, ವಿಷಮಶೀತ ಜ್ವರ, ಕ್ಷಯ, ಬಾಣಂತಿ ಜ್ವರ, ಇವಕ್ಕೆಲ್ಲ ಡಾಕ್ಟರ ಬಳಿ ಇದ್ದದ್ದು ಆರೈಕೆ ಮಾತ್ರ. ಸಲ್ಫಾ ಔಷಧಿ ಬಂದದ್ದು 1935ರಲ್ಲಿ. ಹಿರಿಯರು 'ಎಂ ಅಂಡ್ ಬಿ ಮಾತ್ರೆ' ಎಂದು ನೆನೆಸಿಕೊಳ್ಳುವ ಸಲ್ಫಾ ಮಾತ್ರೆ 1938ರ ನಂತರದ್ದು. ಪೆನಿಸಿಲಿನ್ ಎರಡನೇ ಮಹಾಯುದ್ಧದ ಆಚೆಗೆ.

ಹಾಗಾದರೆ ಅವರಿಂದ ಏನು ಉಪಯೋಗವಾಯಿತು? ನನ್ನ ಪ್ರಕಾರ ಅವರು ಬದುಕಿಸಿದ ಜೀವಗಳಲ್ಲಿ ಹೆಚ್ಚಿನವು ಸೀಸೆಯಿಂದ ಉಳಿದವಲ್ಲ. ಬಾವಿಗೆ ಪರ್ಮಾಂಗನೇಟ್ ಹಾಕಿಸಿದ್ದು, ಮಕ್ಕಳಿಗೆ ದಾಕು (ಸಿಡುಬಿನ ಲಸಿಕೆ) ಹಾಕಿಸಿದ್ದು, ಕೀವು ತುಂಬಿದ ಗಡ್ಡೆಯನ್ನು ಹೊತ್ತಿಗೆ ಸರಿಯಾಗಿ ಕೊಯ್ದದ್ದು, ಮೂಳೆ ಮುರಿದು ಚರ್ಮ ಹರಿದಿದ್ದ ಕಾಲನ್ನು ಕಾರ್ಬಾಲಿಕ್ ನೀರಿನಲ್ಲಿ ತೊಳೆದದ್ದು, "ಇದು ನನ್ನ ಕೈಮೀರಿದ್ದು, ಜಿಲ್ಲಾ ಆಸ್ಪತ್ರೆಗೆ ಒಯ್ಯಿರಿ" ಎಂದು ಒಂದು ದಿನ ಮುಂಚೆ ಹೇಳಿದ್ದು. ಮಿಕ್ಸ್‌ಚರ್ ಜನರನ್ನು ಡಿಸ್ಪೆನ್ಸರಿಗೆ ಕರೆತರುತ್ತಿತ್ತು, ಉಳಿದ ಕೆಲಸ ಅದರ ಜೊತೆಗೆ ನಡೆಯುತ್ತಿತ್ತು.

ಕಾಲರಾದಲ್ಲಿ ಈ ಅಂತರ ಚೆನ್ನಾಗಿ ಕಾಣುತ್ತದೆ. ಕಲ್ಕತ್ತೆಯಲ್ಲಿ ಲಿಯೊನಾರ್ಡ್ ರಾಜರ್ಸ್ ಗಟ್ಟಿ ಉಪ್ಪುನೀರನ್ನು ರಕ್ತನಾಳಕ್ಕೆ ಹರಿಸಿ ಸಾವಿನ ಪ್ರಮಾಣವನ್ನು ಅರ್ಧಕ್ಕೆ ಇಳಿಸಿದ್ದರು. ಹಳ್ಳಿ ಡಾಕ್ಟರು ಅದನ್ನು ಓದಿರುತ್ತಿದ್ದರು. ಆದರೆ ಒಂದು ರಾತ್ರಿಯಲ್ಲಿ ಮೂವತ್ತು ಜನ ಮಲಗಿರುವ ಕೇರಿಯಲ್ಲಿ ಶುದ್ಧೀಕರಿಸಿದ ನೀರು, ರಬ್ಬರ್ ಕೊಳವೆ, ಸೂಜಿ ಹಿಡಿಯುವ ಇನ್ನೆರಡು ಕೈ ಎಲ್ಲಿಂದ ತರುವುದು?

ಪ್ಲೇಗು ಬಂದಾಗ ಹಳ್ಳಿ ಡಾಕ್ಟರು ಏನು ಮಾಡುತ್ತಿದ್ದರು?

ಮುಂಬಯಿಗೆ 1896ರಲ್ಲಿ ಬಂದ ಪ್ಲೇಗು 1898ರ ಆಗಸ್ಟಿನಲ್ಲಿ ಬೆಂಗಳೂರು ತಲುಪಿತು. ಆಮೇಲೆ ಮೂರು ದಶಕ ಅದು ಒಂದಲ್ಲ ಒಂದು ಕಡೆ ಮರುಕಳಿಸುತ್ತಲೇ ಇತ್ತು. ಮೊದಲ ವರ್ಷ ಸರ್ಕಾರದ ಕ್ರಮಗಳು ಬಹಳ ಬಿರುಸಾಗಿದ್ದವು: ಮನೆ ಹುಡುಕುವುದು, ರೋಗಿಯನ್ನು ಶೆಡ್ಡಿಗೆ ಎಳೆದೊಯ್ಯುವುದು, ಮನೆಯವರನ್ನೆಲ್ಲ ಕ್ಯಾಂಪಿಗೆ ಹಾಕುವುದು, ಹೆಂಚು ಕೀಳುವುದು. ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಜನ ದಂಗೆಯೆದ್ದರು. ಈ ಎಲ್ಲದಕ್ಕೂ ಸರ್ಕಾರದ ಮುಖವಾಗಿ ಜನರ ಎದುರು ನಿಲ್ಲುತ್ತಿದ್ದವರು ಕೆಳದರ್ಜೆಯ ಡಾಕ್ಟರುಗಳೇ.

ಹಳ್ಳಿಗರು ಅನುಭವದಿಂದ ಒಂದು ವಿಷಯ ಚೆನ್ನಾಗಿ ಕಲಿತಿದ್ದರು. ಮನೆಯಲ್ಲಿ ಇಲಿ ಸತ್ತು ಬೀಳತೊಡಗಿದರೆ ಊರು ಬಿಡಬೇಕು. ಹೊಲದಲ್ಲಿ ಸೋಗೆಯ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದರು. ಇಲಿಯ ಚಿಗಟವೇ ಪ್ಲೇಗು ಹರಡುತ್ತದೆ ಎಂದು ವಿಜ್ಞಾನಿಗಳು ಒಪ್ಪಿಕೊಳ್ಳಲು ಇನ್ನೂ ಕೆಲವು ವರ್ಷ ಹಿಡಿಯಿತು. ಡಾಕ್ಟರುಗಳಲ್ಲಿ ಜಾಣರಾದವರು ಜನರ ಈ ಪದ್ಧತಿಯ ಜೊತೆಗೇ ಹೋದರು. ಊರು ಬಿಡುವುದಕ್ಕೆ ಬೇಗ ಒಪ್ಪಿಸಿ, ಗುಡಿಸಲಿನಲ್ಲೇ ಹೋಗಿ ಹಾಫ್‌ಕಿನ್ ಎಂಬ ವಿಜ್ಞಾನಿ ತಯಾರಿಸಿದ ಪ್ಲೇಗಿನ ಲಸಿಕೆ ಚುಚ್ಚಿದರು.

ಲಸಿಕೆಗೆ ಜನ ಹೆದರಿದ್ದು ಬರೀ ಅಜ್ಞಾನದಿಂದಲ್ಲ. ಚುಚ್ಚಿಸಿಕೊಂಡವರಿಗೆ ಎರಡು ದಿನ ಕೆಂಡದಂಥ ಜ್ವರ ಬರುತ್ತಿತ್ತು. 1902ರ ಅಕ್ಟೋಬರಿನಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬಲ್ಲಿ ಒಂದೇ ಬಾಟಲಿಯಿಂದ ಲಸಿಕೆ ಪಡೆದ 19 ಜನ ಧನುರ್ವಾಯುವಿನಿಂದ ಸತ್ತರು. ಅಂಥ ಸುದ್ದಿ ಕೇಳಿದ ಮೇಲೆ ಜನರ ಎದುರಿಗೇ ತಮ್ಮ ತೋಳಿಗೆ, ತಮ್ಮ ಮಕ್ಕಳ ತೋಳಿಗೆ ಮೊದಲು ಚುಚ್ಚಿಕೊಂಡು ತೋರಿಸದೆ ಡಾಕ್ಟರಿಗೆ ಬೇರೆ ದಾರಿ ಇರಲಿಲ್ಲ. ಅದೇ ಹೊತ್ತಿಗೆ ಊರಾಚೆ ಪ್ಲೇಗಿನಮ್ಮನ ಗುಡಿಯೂ ಏಳುತ್ತಿತ್ತು. ಬೆಂಗಳೂರಿನಲ್ಲಿ ಅಂಥ ಗುಡಿಗಳು ಇವತ್ತಿಗೂ ಇವೆ.

ಈ ಕಾಲದ ಡಾಕ್ಟರುಗಳಲ್ಲಿ ಹೆಸರು ಉಳಿದವರು ಡಾ. ಪಲ್ಪು. ಅವರು ಹಳ್ಳಿ ಡಾಕ್ಟರಲ್ಲ, ಎಲ್‌ಎಂಪಿಯೂ ಅಲ್ಲ. ಮದ್ರಾಸಿನಲ್ಲಿ ಓದಿ ಮುಗಿಸಿದರೂ ಈಳವ ಜಾತಿಯವರೆಂದು ತಿರುವಾಂಕೂರು ಸಂಸ್ಥಾನ ಕೆಲಸ ಕೊಡಲಿಲ್ಲ. ಮೈಸೂರು ಸಂಸ್ಥಾನ ಕೊಟ್ಟಿತು. ಬೆಂಗಳೂರಿನ ಪ್ಲೇಗಿನ ನಡುವೆ ಅವರು ದುಡಿದರು.

1918ರ ಇನ್‌ಫ್ಲುಯೆಂಜಾ ಹಳ್ಳಿಗಳನ್ನೂ ಮುಟ್ಟಿತ್ತೇ?

ಪ್ಲೇಗಿಗಿಂತ ಕೆಟ್ಟದಾಗಿ. ಅಕ್ಟೋಬರ್, ನವೆಂಬರ್ ತಿಂಗಳಲ್ಲಿ ಮನೆಮನೆಯಲ್ಲಿ ಎಲ್ಲರೂ ಒಟ್ಟಿಗೆ ಮಲಗಿದರು, ಗಂಜಿ ಕಾಸುವವರಿಲ್ಲ. ಸತ್ತವರಲ್ಲಿ ಇಪ್ಪತ್ತು, ಮೂವತ್ತರ ಹರೆಯದವರೇ ಹೆಚ್ಚು. ಮೈಸೂರು ಸಂಸ್ಥಾನದ ಜನಸಂಖ್ಯೆ 1911ರಲ್ಲಿ ಸುಮಾರು 58 ಲಕ್ಷವಿತ್ತು, 1921ರಲ್ಲಿ 59.8 ಲಕ್ಷ. ಹತ್ತು ವರ್ಷದಲ್ಲಿ ಹುಟ್ಟಿದವರನ್ನೆಲ್ಲ ಸಾವು ಹೆಚ್ಚುಕಡಿಮೆ ಸರಿದೂಗಿಸಿಬಿಟ್ಟಿತ್ತು. ಡಾಕ್ಟರ ಬಳಿ ಔಷಧಿ ಇರಲಿಲ್ಲ. ಡಾಕ್ಟರೂ ಮಲಗಿದರು.

ಮಲೆನಾಡಿಗೆ ವರ್ಗವಾದರೆ ಅದು ಶಿಕ್ಷೆ ಎನ್ನುತ್ತಿದ್ದರಂತೆ, ನಿಜವೇ?

ನಿಜ, ಕಾರಣ ಮಲೇರಿಯಾ. ಮೂಡಿಗೆರೆ, ಕೊಪ್ಪ, ಸಾಗರದ ಕಡೆ ಹೋದ ನೌಕರರು ಹೆಂಡತಿ ಮಕ್ಕಳನ್ನು ಬಯಲುಸೀಮೆಯ ತವರಿನಲ್ಲಿ ಬಿಟ್ಟು ಹೋಗುತ್ತಿದ್ದರು. ಡಾಕ್ಟರೂ ಎರಡು ಮಳೆಗಾಲ ಕಳೆಯುವುದರೊಳಗೆ ತಾವೇ ನಡುಗುತ್ತ ಕ್ವಿನೈನು ನುಂಗುತ್ತಿದ್ದರು. ನಮ್ಮ ಕಡೆಗೆ ಹತ್ತಿರದ ಸರ್ಕಾರಿ ಕ್ವಿನೈನು ಕಾರ್ಖಾನೆ ನೀಲಗಿರಿಯ ನಡುವಟ್ಟಂನಲ್ಲಿತ್ತು.

ಊರಿನಲ್ಲಿ ಮಲೇರಿಯಾ ಎಷ್ಟಿದೆ ಎಂದು ಅಳೆಯಲು ರಕ್ತ ಪರೀಕ್ಷೆಗಿಂತ ಸರಳವಾದ ಒಂದು ವಿಧಾನವಿತ್ತು. ಶಾಲೆಯ ಜಗುಲಿಯ ಮೇಲೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಅಂಗಿ ಎತ್ತಿಸಿ, ಡಾಕ್ಟರು ಎಡಗಡೆಯ ಪಕ್ಕೆಲುಬಿನ ಕೆಳಗೆ ಬೆರಳಿಟ್ಟು "ಉಸಿರು ಎಳೆದುಕೋ ಮಗಾ" ಎನ್ನುವರು. ಒಳಗೆ ಜ್ವರಗಡ್ಡೆ (ಮಲೇರಿಯಾದಿಂದ ಊದಿದ ಗುಲ್ಮ) ಬೆಳೆದಿದ್ದರೆ ಉಸಿರು ಎಳೆದಾಗ ಅದು ಕೆಳಗಿಳಿದು ಬೆರಳಿಗೆ ತಾಗುತ್ತದೆ. ಕೆಲವು ಮಕ್ಕಳಲ್ಲಿ ಅದು ಹೊಕ್ಕುಳವರೆಗೂ ಬಂದಿರುತ್ತಿತ್ತು. ಮೇಷ್ಟ್ರು ಪಕ್ಕದಲ್ಲಿ ಕೂತು ಹೆಸರಿನ ಮುಂದೆ ಗುರುತು ಹಾಕುವರು. ನೂರಕ್ಕೆ ಎಷ್ಟು ಮಕ್ಕಳಿಗೆ ಗಡ್ಡೆ ಎಂಬ ಲೆಕ್ಕವೇ ಆ ಊರಿನ ಮಲೇರಿಯಾದ ಅಳತೆ. 1920ರ ದಶಕದ ಕೊನೆಯಲ್ಲಿ ಮೈಸೂರು ಸರ್ಕಾರ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮೂಡಿಗೆರೆ, ಹಿರಿಯೂರು, ಶ್ರೀರಂಗಪಟ್ಟಣದ ಹತ್ತಿರದ ನಾಗೇನಹಳ್ಳಿಗಳಲ್ಲಿ ಮಲೇರಿಯಾ ಅಧ್ಯಯನ ಕೇಂದ್ರ ತೆರೆದಾಗಲೂ ಇಂಥ ಎಣಿಕೆ ನಡೆಯಿತು.

ಉತ್ತರದ ಜಿಲ್ಲೆಗಳಲ್ಲಿ ಮಲೇರಿಯಾದಷ್ಟೇ ಕಾಡಿದ್ದು ನಾರುಹುಣ್ಣು. ಮೆಟ್ಟಿಲು ಬಾವಿಯ ನೀರಿನಿಂದ ಬರುತ್ತಿತ್ತು. ಕಾಲಿನಿಂದ ಇಣುಕಿದ ಹುಳವನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಸ್ವಲ್ಪಸ್ವಲ್ಪವೇ ಎಳೆಯಬೇಕು, ಹರಿದರೆ ಕಾಲು ಕೊಳೆಯುತ್ತದೆ. ಇದರಲ್ಲಿ ಊರಿನ ಅಜ್ಜಿಯರ ಕೈ ಡಾಕ್ಟರಿಗಿಂತ ಪಳಗಿತ್ತು.

ಹೆರಿಗೆಗೆ ಡಾಕ್ಟರನ್ನು ಕರೆಯುತ್ತಿದ್ದರೇ?

ಸೂಲಗಿತ್ತಿ ಕೈಚೆಲ್ಲಿದ ಮೇಲೆ. ಅಂದರೆ ಎರಡನೇ ದಿನವೋ ಮೂರನೇ ದಿನವೋ, ಮಗು ಹೊಟ್ಟೆಯಲ್ಲೇ ಸತ್ತು, ತಾಯಿಗೆ ಜ್ವರ ಏರಿದ ಮೇಲೆ. ಹಾಗಾಗಿ ಡಾಕ್ಟರು ಬಂದ ಮನೆಯಲ್ಲಿ ಸಾವು ಖಂಡಿತ ಎಂಬ ಮಾತು ಹುಟ್ಟಿಕೊಂಡಿತು. ಆ ಅಪವಾದದ ಭಾರ ಹೊತ್ತೇ ಅವರು ಒಳಗೆ ಕಾಲಿಡಬೇಕಿತ್ತು.

ಒಳಗೆ ಕತ್ತಲು ಕೋಣೆ, ಲಾಂದ್ರದ ಬೆಳಕು. ಹತ್ತಿರದಲ್ಲೇ ದೀಪ ಉರಿಯುವಾಗ ಈಥರ್ ಬಳಸಿದರೆ ಹೊತ್ತಿಕೊಳ್ಳುತ್ತದೆ, ಅದಕ್ಕೇ ಕ್ಲೋರೋಫಾರ್ಮ್. ತಂತಿಯ ಚೌಕಟ್ಟಿಗೆ ಬಟ್ಟೆ ಬಿಗಿದ ಮುಖವಾಡವನ್ನು ಮೂಗಿನ ಮೇಲಿಟ್ಟು ಹನಿಹನಿಯಾಗಿ ಬಿಡಬೇಕು. ಹನಿ ಬಿಡುವವನು ಕಾಂಪೌಂಡರ್, ಅವನಿಲ್ಲದಿದ್ದರೆ ಮನೆಯ ಧೈರ್ಯಸ್ಥ ಹೆಂಗಸು. ಡಾಕ್ಟರ ಒಂದು ಕಣ್ಣು ಇಕ್ಕಳದ ಮೇಲೆ, ಇನ್ನೊಂದು ತಾಯಿಯ ಉಸಿರಾಟದ ಮೇಲೆ. ಎಷ್ಟೋ ಮನೆಗಳಲ್ಲಿ ಗಂಡಸು ಡಾಕ್ಟರು ಒಳಗೆ ಬರುವುದೇ ಬೇಡ ಎಂದು ಬಾಗಿಲಲ್ಲೇ ತಡೆದದ್ದೂ ಉಂಟು.

ಹೆಣ್ಣು ಡಾಕ್ಟರು ಹಳ್ಳಿಗೆ ತಲುಪಿದ್ದು ತೀರಾ ನಿಧಾನವಾಗಿ. ವೆಲ್ಲೂರಿನಲ್ಲಿ ಐಡಾ ಸ್ಕಡರ್ 1918ರಲ್ಲಿ ಶುರುಮಾಡಿದ ಹೆಂಗಸರ ಮೆಡಿಕಲ್ ಸ್ಕೂಲು ಕೊಟ್ಟದ್ದೂ ಎಲ್‌ಎಂಪಿಯನ್ನೇ. ಅಲ್ಲಿ ಓದಿದವರು ದಕ್ಷಿಣದ ಮಿಷನ್ ಆಸ್ಪತ್ರೆಗಳಿಗೆಲ್ಲ ಹೋದರು.

ಹಾವು ಕಚ್ಚಿದರೆ, ಹುಚ್ಚುನಾಯಿ ಕಚ್ಚಿದರೆ?

ಹಾವು ಕಚ್ಚಿದರೆ ಕಟ್ಟು ಕಟ್ಟಿ, ಗಾಯ ಕೊಯ್ದು, ಪರ್ಮಾಂಗನೇಟ್ ಹರಳು ತಿಕ್ಕುತ್ತಿದ್ದರು. ಅದಕ್ಕೆಂದೇ ಒಂದು ತುದಿಯಲ್ಲಿ ಚಾಕು, ಇನ್ನೊಂದು ತುದಿಯಲ್ಲಿ ಹರಳು ತುಂಬಿದ ಸಣ್ಣ ಡಬ್ಬಿ ಬರುತ್ತಿತ್ತು. ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಅಂಥದ್ದು ಸಿಕ್ಕಿದ್ದರೆ ಅದು ಇದೇ. ಅದರಿಂದ ಪ್ರಯೋಜನವಿಲ್ಲವೆಂದು ಆಮೇಲೆ ಗೊತ್ತಾಯಿತು, ಈಗ ಯಾರೂ ಹಾಗೆ ಮಾಡಬಾರದು.

ಹುಚ್ಚುನಾಯಿ ಕಚ್ಚಿದವರನ್ನು ಕೂನೂರಿಗೆ ಕಳಿಸಬೇಕಿತ್ತು. ಅಲ್ಲಿನ ಪಾಶ್ಚರ್ ಸಂಸ್ಥೆ 1907ರಲ್ಲಿ ಆರಂಭವಾಯಿತು. ಹಾಸನದ ಯಾವುದೋ ಹಳ್ಳಿಯ ರೈತ ಮಗನನ್ನು ಕರೆದುಕೊಂಡು ಗಾಡಿ, ರೈಲು, ಬೆಟ್ಟದ ರೈಲು ಹತ್ತಿ ಹೋಗಿ, ದಿನವೂ ಹೊಟ್ಟೆಗೆ ಚುಚ್ಚಿಸಿಕೊಂಡು, ವಾರಗಟ್ಟಲೆ ಭಾಷೆ ತಿಳಿಯದ ಊರಲ್ಲಿ ಇರಬೇಕು. ಹೋಗುವಂತೆ ಒಪ್ಪಿಸುವುದೇ ಡಾಕ್ಟರ ನಿಜವಾದ ಚಿಕಿತ್ಸೆ.

ಫೀಸು ಎಷ್ಟಿತ್ತು?

ಸರ್ಕಾರಿ ಡಿಸ್ಪೆನ್ಸರಿಯಲ್ಲಿ ಬಡವರಿಗೆ ಉಚಿತ. ಖಾಸಗಿಯವರಿಗೆ ದುಡ್ಡು ಸಿಗುವುದು ಸುಗ್ಗಿಯಲ್ಲಿ, ಅದೂ ದುಡ್ಡಾಗಿ ಅಲ್ಲ: ರಾಗಿ, ಭತ್ತ, ಬೆಲ್ಲ, ಅಡಿಕೆ, ಬಾಳೆಗೊನೆ, ದೀಪಾವಳಿಗೆ ತುಪ್ಪ. ಮದ್ರಾಸು ಪ್ರಾಂತದಲ್ಲಿ 1920ರ ದಶಕದಲ್ಲಿ ಒಂದು ಒಳ್ಳೆಯ ಯೋಜನೆ ಬಂತು. ಹಳ್ಳಿಯಲ್ಲಿ ನೆಲೆಸುವ ಡಾಕ್ಟರಿಗೆ ಸರ್ಕಾರ ವರ್ಷಕ್ಕಿಷ್ಟೆಂದು ಸಹಾಯಧನ ಕೊಡುವುದು, ಅವರು ಬಡವರಿಗೆ ಉಚಿತವಾಗಿ ನೋಡಿ ಉಳ್ಳವರಿಂದ ಫೀಸು ಪಡೆಯುವುದು. ಇವತ್ತು ಹಳ್ಳಿಗೆ ಡಾಕ್ಟರು ಬರುವುದಿಲ್ಲ ಎಂದು ಗೊಣಗುವವರು ಈ ಯೋಜನೆಯನ್ನು ಒಮ್ಮೆ ತಿರುವಿ ನೋಡಬಹುದು.

ಜಾತಿ, ಮಡಿ ಮೈಲಿಗೆ ಅಡ್ಡ ಬರುತ್ತಿರಲಿಲ್ಲವೇ?

ಬರುತ್ತಿತ್ತು, ಎರಡೂ ಕಡೆಯಿಂದ. ಡಿಸ್ಪೆನ್ಸರಿಯ ನೀರು ಯಾರು ಸೇದಿದ್ದೋ ಎಂದು ಮಿಕ್ಸ್‌ಚರ್ ಬೇಡವೆಂದು ಪುಡಿಯನ್ನಷ್ಟೇ ಒಯ್ಯುವವರಿದ್ದರು. ಟಿಂಚರ್‌ನಲ್ಲಿ ಸಾರಾಯಿ ಇದೆ ಎಂದು ಬಿಟ್ಟವರಿದ್ದರು. ಇದು ನಗುವ ವಿಷಯ. ನಗಲಾಗದ್ದು ಇನ್ನೊಂದು: ಹೊಲೆಗೇರಿ, ಮಾದಿಗಕೇರಿಯ ರೋಗಿಗಳು ಹೊರಗೆ ನಿಂತೇ ಕಾಯಬೇಕಿದ್ದ ಡಿಸ್ಪೆನ್ಸರಿಗಳಿದ್ದವು, ಮುಟ್ಟದೆಯೇ ಔಷಧಿ ಕೊಟ್ಟ ಡಾಕ್ಟರುಗಳಿದ್ದರು. ಕೇರಿಯೊಳಗೆ ಹೋಗಿ ನಾಡಿ ಹಿಡಿದವರೂ ಇದ್ದರು, ಅದಕ್ಕಾಗಿ ತಮ್ಮ ಮನೆಯ ಹಿತ್ತಿಲಲ್ಲಿ ಸ್ನಾನ ಮಾಡಿ ಒಳಗೆ ಬರಬೇಕಾಗಿದ್ದವರೂ ಇದ್ದರು. ನಿಮ್ಮ ಅಜ್ಜ ಯಾವ ಗುಂಪಿನವರು ಎಂಬುದನ್ನು ಮನೆಯವರಿಗಿಂತ ಆ ಕೇರಿಯ ಹಿರಿಯರನ್ನು ಕೇಳಿ ತಿಳಿಯುವುದು ಮೇಲು.

ಪಂಡಿತರ ಜೊತೆ, ನಾಟಿ ವೈದ್ಯರ ಜೊತೆ ಜಗಳವಿತ್ತೇ?

ಮೈಸೂರಿನಲ್ಲಿ 1908ರಲ್ಲೇ ಸರ್ಕಾರಿ ಆಯುರ್ವೇದ ಕಾಲೇಜು ಇತ್ತು, ಹಾಗಾಗಿ ಪಂಡಿತರೂ ಸರ್ಕಾರದ ಮನುಷ್ಯರೇ. ಊರಿನಲ್ಲಿ ರೋಗಿ ಇಬ್ಬರ ಔಷಧಿಯನ್ನೂ ಒಟ್ಟಿಗೆ ತೆಗೆದುಕೊಂಡು, ಗುಣವಾದರೆ ದೇವರ ಹರಕೆ ಫಲಿಸಿತು ಎನ್ನುತ್ತಿದ್ದ. ಜಗಳಕ್ಕೆ ಅವಕಾಶವೇ ಕಡಿಮೆ.

ಎಲ್‌ಎಂಪಿ ಯಾಕೆ ನಿಂತುಹೋಯಿತು?

ಪದವೀಧರ ಡಾಕ್ಟರುಗಳ ಒತ್ತಡ, ಜೊತೆಗೆ 'ಎಲ್ಲರಿಗೂ ಒಂದೇ ಮಟ್ಟದ ವೈದ್ಯ' ಎಂಬ ಆಸೆ. 1933ರ ಭಾರತೀಯ ವೈದ್ಯಕೀಯ ಪರಿಷತ್ತಿನ ಕಾಯ್ದೆ ಲೈಸೆನ್ಸಿಯೇಟರನ್ನು, ಅಂದರೆ ಎಲ್‌ಎಂಪಿಯಂಥ ಡಿಪ್ಲೊಮಾದವರನ್ನು, ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಪ್ರಾಂತದ ಪಟ್ಟಿಯಲ್ಲಿ ಮಾತ್ರ ಅವರ ಹೆಸರು ಉಳಿಯಿತು. ದೇಶದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಲು ಸರ್ಕಾರ ನೇಮಿಸಿದ್ದ ಭೋರ್ ಸಮಿತಿಯ 1946ರ ಲೆಕ್ಕ ನೋಡಿ: ದೇಶದ ಸುಮಾರು 47,500 ನೋಂದಾಯಿತ ಡಾಕ್ಟರುಗಳಲ್ಲಿ ಸುಮಾರು 30,000 ಜನ ಲೈಸೆನ್ಸಿಯೇಟರೇ. ಸುಮಾರು 6,300 ಜನರಿಗೆ ಒಬ್ಬ ಡಾಕ್ಟರು, ಆ ಡಾಕ್ಟರುಗಳಲ್ಲೂ ಹೆಚ್ಚಿನವರು ಪಟ್ಟಣದಲ್ಲಿ. ಇಷ್ಟಾದರೂ ಸಮಿತಿಯ ಬಹುಮತ ಲೈಸೆನ್ಸಿಯೇಟ್ ಕೋರ್ಸು ನಿಲ್ಲಿಸಲು ಹೇಳಿತು. ಕೆಲವು ಸದಸ್ಯರು ಒಪ್ಪಲಿಲ್ಲ. ಭಿನ್ನಮತದವರು ಹೇಳಿದ್ದೇ ಸರಿ ಎಂದು ನನಗೆ ಅನ್ನಿಸುತ್ತದೆ. ಸ್ಕೂಲುಗಳು ಮುಚ್ಚಿದವು ಇಲ್ಲವೇ ಕಾಲೇಜಾದವು, ಹಳೆಯ ಎಲ್‌ಎಂಪಿಗಳಿಗೆ ಸಂಕ್ಷಿಪ್ತ ಕೋರ್ಸು ಮಾಡಿ ಎಂಬಿಬಿಎಸ್ ಪಡೆಯುವ ಅವಕಾಶ ಸಿಕ್ಕಿತು. ನಲವತ್ತು ದಾಟಿದ ಮೇಲೆ ಹುಡುಗರ ಜೊತೆ ಬೆಂಚಿನ ಮೇಲೆ ಕೂತು ಪರೀಕ್ಷೆ ಬರೆದವರಿದ್ದಾರೆ. ಬೇಡವೆಂದು ಊರಲ್ಲೇ ಉಳಿದವರೂ ಇದ್ದಾರೆ.

ನಮ್ಮ ಅಜ್ಜನ ಬಗ್ಗೆ ದಾಖಲೆ ಎಲ್ಲಿ ಹುಡುಕುವುದು?

ಮೊದಲು ಅವರು ಯಾವ ಆಡಳಿತದಲ್ಲಿ ಇದ್ದರೆಂದು ಖಚಿತಮಾಡಿಕೊಳ್ಳಿ. ಸರ್ಕಾರಿ ನೌಕರರಾಗಿದ್ದರೆ ನೇಮಕ, ವರ್ಗ, ರಜೆ ಎಲ್ಲವೂ ಆಯಾ ಸರ್ಕಾರದ ಗೆಜೆಟ್ಟಿನಲ್ಲಿ ಅಚ್ಚಾಗಿರುತ್ತಿತ್ತು. ಮೈಸೂರಿನವರಾದರೆ ಬೆಂಗಳೂರಿನ ರಾಜ್ಯ ಪತ್ರಾಗಾರ, ಮದ್ರಾಸಿನವರಾದರೆ ಚೆನ್ನೈನ ಪತ್ರಾಗಾರ. ಖಾಸಗಿಯವರಾಗಿದ್ದರೆ ಪ್ರಾಂತದ ವೈದ್ಯರ ನೋಂದಣಿ ಪಟ್ಟಿ ನೋಡಿ. ಮುಂಬಯಿಯಲ್ಲಿ ನೋಂದಣಿ ಕಾಯ್ದೆ 1912ರದು, ಮದ್ರಾಸಿನಲ್ಲಿ 1914ರದು, ಮೈಸೂರಿನಲ್ಲಿ 1931ರದು. ಹೆಸರನ್ನು ನಾಲ್ಕಾರು ಕಾಗುಣಿತದಲ್ಲಿ ಹುಡುಕಬೇಕಾಗುತ್ತದೆ, ಊರಿನ ಹೆಸರು ಇನಿಷಿಯಲ್ ಆಗಿ ಅಡಗಿರುತ್ತದೆ.

ಅವರ ಔಷಧಿ ಪೆಟ್ಟಿಗೆಯಲ್ಲಿ ಇನ್ನೂ ತುಂಬಿದ ಸೀಸೆಗಳಿವೆ. ತೆರೆದು ನೋಡಬಹುದೇ?

ಬೇಡ. ಟಾನಿಕ್ ಎಂದು ಬರೆದಿದ್ದರೂ ಒಳಗೆ ಸ್ಟ್ರಿಕ್ನಿನ್ ಇರಬಹುದು, ಜ್ವರದ ಹನಿಯಲ್ಲಿ ಪಾಷಾಣ, ಗಾಯ ತೊಳೆಯುವ ಮಾತ್ರೆಯಲ್ಲಿ ಪಾದರಸ. ಮುಖ್ಯವಾಗಿ ಹಳದಿ ಹರಳು ಅಥವಾ ಹಳದಿ ಕಲೆ ಕಟ್ಟಿದ ಸೀಸೆ ಕಂಡರೆ ಮುಚ್ಚಳ ತಿರುಗಿಸಲೇಬೇಡಿ. ಸುಟ್ಟಗಾಯಕ್ಕೆ ಬಳಸುತ್ತಿದ್ದ ಪಿಕ್ರಿಕ್ ಆಮ್ಲ ಒಣಗಿದರೆ ಸಿಡಿಯುತ್ತದೆ, ಹಳೆಯ ಈಥರ್ ಕೂಡ ಅಷ್ಟೇ. ಪೆಟ್ಟಿಗೆಯನ್ನು ಅಲ್ಲಾಡಿಸದೆ ಹಾಗೇ ಬಿಟ್ಟು, ಮಕ್ಕಳನ್ನು ಆ ಕೋಣೆಗೆ ಬಿಡದೆ, ಅಗ್ನಿಶಾಮಕದವರಿಗೆ ಫೋನ್ ಮಾಡಿ. ಇಕ್ಕಳ, ಕಲ್ವ, ತಕ್ಕಡಿ, ಗಾಜಿನ ಸಿರಿಂಜು ಬೇರೆ ಕಡೆ ಇದ್ದರೆ ಕೈಗವಸು ಹಾಕಿ ತೆಗೆದು ಇಟ್ಟುಕೊಳ್ಳಬಹುದು. ರೋಗಿಗಳ ಹೆಸರಿರುವ ನೋಟು ಪುಸ್ತಕ ಸಿಕ್ಕರೆ ಫೋಟೋ ತೆಗೆದು ಎಲ್ಲರಿಗೂ ಹಂಚಬೇಡಿ. ಆ ಹೆಸರುಗಳ ಮೊಮ್ಮಕ್ಕಳು ಅದೇ ಊರಿನಲ್ಲಿ ಇರಬಹುದು.